ಖಾಕಿ ಅಂಗಿ ತೊಟ್ಟ ರಿಮೋಟು

ತಲೆಯ ಮೇಲೆ ಫ್ಯಾನು ಗಿರ್ರನೆ ತಿರುಗುತ್ತಿತ್ತು. ಆದರೂ ನಾಗೇಂದ್ರಪ್ಪ, "ಕರೆಂಟ್ ಹೋಗೈತೆ ಕಣೋ ಧರ್ಮಪ್ಪ. ಇವತ್ತು ಕಬಡ್ಡಿ ನೋಡಿದಂಗೇ ಬಿಡು" ಎಂದುಬಿಟ್ಟ.

ಧರ್ಮಪ್ಪ ಫ್ಯಾನಿನತ್ತ ಒಮ್ಮೆ ಕಣ್ಣೆತ್ತಿದ. ಆಮೇಲೆ ಗೆಳೆಯನ ಕೈಯಲ್ಲಿದ್ದ ರಿಮೋಟನ್ನೂ, ಎದುರಿನ ಸ್ಟೀಲ್ ತಟ್ಟೆಯಲ್ಲಿದ್ದ ಇನ್ನೂ ಮೂರು ರಿಮೋಟುಗಳನ್ನೂ, ನೀಲಿ ಬಣ್ಣಕ್ಕೆ ತಿರುಗಿ ಸುಮ್ಮನೆ ನಿಂತಿದ್ದ ಟಿವಿಯನ್ನೂ ನೋಡಿದ. "ಹೌದೇನು? ಆಗ್ಲಿ ಬಿಡು, ಮಾತಾಡಾಕೆ ಟಿವಿ ಯಾಕೆ ಬೇಕು" ಎಂದು ಮಂಡಕ್ಕಿ ತಟ್ಟೆಗೆ ಕೈ ಹಾಕಿದ. ಆದರೆ ಮಾತು ಕೂಡಲಿಲ್ಲ. ಸ್ವಲ್ಪ ಹೊತ್ತಿಗೆ ಬಸ್ಸಿನ ನೆಪ ಹೇಳಿ ತನ್ನೂರು ಸೊಕ್ಕೆಗೆ ಹೊರಟುಹೋದ.

ಈ ಇಬ್ಬರ ವಿಷಯ ಹೇಳದಿದ್ದರೆ ಆ ಸುಳ್ಳಿನ ಭಾರ ಗೊತ್ತಾಗುವುದಿಲ್ಲ. ನಾಗೇಂದ್ರಪ್ಪ ಸರ್ಕಾರಿ ಬಸ್ಸಿನ ಡ್ರೈವರಾಗಿ ನಿವೃತ್ತನಾದವನು, ಧರ್ಮಪ್ಪ ಅದೇ ಬಸ್ಸಿನ ಕಂಡಕ್ಟರ್. ಧರ್ಮಪ್ಪ ಹಿಂದಿನಿಂದ "ರೈಟ್" ಅಂದರೆ ಬಸ್ಸು ಹೊರಡುತ್ತಿತ್ತು, "ಹೋಲ್ಡಾನ್" ಅಂದರೆ ನಿಲ್ಲುತ್ತಿತ್ತು. ಒಬ್ಬರ ಮುಖ ಒಬ್ಬರು ನೋಡದೆಯೇ ವರ್ಷಗಟ್ಟಲೆ ಮಾಡಿದ ಸಂಸಾರ ಅದು. ಜಗಳೂರು ರಸ್ತೆಯಲ್ಲಿ ಯಾವ ತಿರುವಿನಲ್ಲಿ ಕುರಿ ಮಂದೆ ಅಡ್ಡ ಬರುತ್ತದೆಂದು ಹೇಳಲಾಗುವುದಿಲ್ಲ. ಅಂಥ ದಾರಿಯಲ್ಲಿ ಒಂದು ಕುರಿಮರಿಯನ್ನೂ ಗಾಲಿಗೆ ಸಿಕ್ಕಿಸದ ಡ್ರೈವರ್ ಎಂದು ನಾಗೇಂದ್ರಪ್ಪನಿಗೆ ಬೆಳ್ಳಿ ಪದಕ ಸಿಕ್ಕಿತ್ತು. ಪದಕ ಹಾಕಿಸಿಕೊಂಡ ಫೋಟೋ ನಡುಮನೆಯ ಗೋಡೆಯ ಮೇಲಿತ್ತು. ದೊಡ್ಡ ಟಿವಿ ಬಂದ ಮೇಲೆ ಅದು ಅಡುಗೆಮನೆಯ ಬಾಗಿಲ ಪಕ್ಕಕ್ಕೆ ಸರಿದು, ಒಗ್ಗರಣೆಯ ಹೊಗೆ ಕುಡಿಯುತ್ತಿತ್ತು.

ಟಿವಿ ತಂದವನು ಮಗ ಮಾಲತೇಶ, ಊರಿನ ಲೈನ್‌ಮನ್. ಅವನಿಗೆ ತಂತಿ, ಪೆಟ್ಟಿಗೆ, ಸೌಂಡು ಅಂದರೆ ಪ್ರಾಣ. ಟಿವಿಗೊಂದು ರಿಮೋಟು, ಡಿಶ್ ಬಾಕ್ಸಿಗೊಂದು, ಮೂಲೆ ಮೂಲೆಗೂ ಕೂರಿಸಿದ ಸೌಂಡ್ ಬಾಕ್ಸಿಗೊಂದು, ಸಿನಿಮಾ ನೋಡುವ ಇನ್ನೊಂದು ಪೆಟ್ಟಿಗೆಗೆ ಮತ್ತೊಂದು. ಎಲ್ಲಕ್ಕೂ ಪ್ಲಾಸ್ಟಿಕ್ ಕವರ್ ಸುತ್ತಿ ರಬ್ಬರ್ ಹಾಕಿದ್ದ. ಮೊದಲು ಯಾವುದು, ಆಮೇಲೆ ಯಾವುದು ಎಂಬುದರಲ್ಲಿ ಸ್ವಲ್ಪ ತಪ್ಪಿದರೂ ಚಿತ್ರ ಇಲ್ಲದೆ ಮಾತು ಬರುತ್ತಿತ್ತು, ಇಲ್ಲವೆ ಮಾತಿಲ್ಲದೆ ಚಿತ್ರ ಬರುತ್ತಿತ್ತು. ಎರಡೂ ಬಾರದಿದ್ದರೆ ಆ ನೀಲಿ.

ಹೆಂಡತಿ ಅಜ್ಜಮ್ಮನಿಗೆ ಇದೊಂದು ತೊಂದರೆಯೇ ಆಗಿರಲಿಲ್ಲ. ಧಾರಾವಾಹಿಯ ಹೊತ್ತಾದರೆ, "ಅರುಣಾ, ಟಿವಿ ಹಚ್ಚಿ ಹೋಗೇ" ಎಂದು ಕೂಗುತ್ತಿದ್ದಳು. ಮುಂದಿನ ಕೋಣೆಯಲ್ಲಿ ರವಿಕೆ ಹೊಲಿಯುತ್ತ ಕೂತ ಸೊಸೆ ಎದ್ದು ಬರುತ್ತಿದ್ದಳು. ನಾಗೇಂದ್ರಪ್ಪನ ಗಂಟಲಲ್ಲಿ ಮಾತ್ರ ಆ ಕೂಗು ಏಳುತ್ತಿರಲಿಲ್ಲ. ಬಸ್ಸು ತುಂಬ ಜನರನ್ನು ಕೂರಿಸಿಕೊಂಡು ಹೋದವನು, ನನ್ನ ಮನೆಯ ಟಿವಿ ಹಚ್ಚಿಕೊಡವ್ವ ಎಂದು ಸೊಸೆಯನ್ನು ಕೇಳುವುದು ಹೇಗೆ? ಅದಕ್ಕಿಂತ ಕರೆಂಟ್ ಹೋಗುವುದೇ ವಾಸಿ ಅನ್ನಿಸಿತ್ತು. ಅವನಿಗೆ ಬೇಕಾಗಿದ್ದು ಬಹಳ ಸಣ್ಣದು: ಧರ್ಮಪ್ಪನನ್ನು ಪಕ್ಕದಲ್ಲಿ ಕೂರಿಸಿಕೊಂಡು, ತನ್ನ ಮನೆಯ ಟಿವಿಯನ್ನು ತನ್ನ ಕೈಯಿಂದಲೇ ಹಚ್ಚಬೇಕು.

ಅವತ್ತು ಮಾಲತೇಶ ಮನೆಗೆ ಬಂದವನು ಚಪ್ಪಲಿಯನ್ನೂ ಬಿಡದೆ ಮೀಟರ್ ಪೆಟ್ಟಿಗೆ ತೆಗೆದು ನೋಡತೊಡಗಿದ.

"ಏನೋ ಅದು?" ಎಂದಳು ಅಜ್ಜಮ್ಮ.

"ಬಸ್‌ಸ್ಟ್ಯಾಂಡಿನಾಗೆ ಧರ್ಮಪ್ಪ ಮಾಮ ಸಿಕ್ಕಿದ್ದ. ನಿಮ್ಮ ಮನ್ಯಾಗೆ ಕರೆಂಟಿಲ್ಲಂತಲ್ಲೋ, ಲೈನ್‌ಮನ್ ಮನ್ಯಾಗೇ ಹಿಂಗಾದ್ರೆ ಹೆಂಗೆ, ಹೋಗಿ ನೋಡು ಅಂದ. ನಮ್ಮ ಬೀದ್ಯಾಗೆ ಇವತ್ತು ಕರೆಂಟೇ ಹೋಗಿಲ್ವಲ್ಲ."

"ಹೋಗಿಲ್ಲ. ನಾನು ಮಧ್ಯಾಹ್ನದಿಂದ ಇಸ್ತ್ರಿ ಹಾಕಾಕೆ ಹತ್ತೀನಿ" ಎಂದಳು ಅರುಣಾ.

ಮೂವರೂ ನಾಗೇಂದ್ರಪ್ಪನ ಕಡೆ ತಿರುಗಿದರು. ಅವನು ಟವೆಲ್ ಹೆಗಲಿಗೆ ಹಾಕಿಕೊಂಡು ಕೈ ತೊಳೆಯಲು ಹಿತ್ತಲಿಗೆ ಹೋದ. ಅವನ ಕೈಯಲ್ಲಿ ಕೊಳೆಯೇನೂ ಇರಲಿಲ್ಲ.

ರಾತ್ರಿ ಊಟಕ್ಕೆ ಜೋಳದ ರೊಟ್ಟಿ, ಬದನೆಕಾಯಿ ಪಲ್ಯ, ಶೇಂಗಾ ಚಟ್ನಿ. ಮಾಲತೇಶ ರೊಟ್ಟಿ ಮುರಿಯುತ್ತ, "ಅಪ್ಪಾ, ಇಷ್ಟು ದೊಡ್ಡ ಸೆಟ್ ಯಾರ ಸಲುವಾಗಿ ಹಾಕ್ಸೀನಿ? ಒಂದಿನ ಕುಂತು ಕಲ್ತರೆ ಆಗೋದಲ್ವ" ಎಂದ.

"ಕಲಿಸಾಕೆ ಬಂದೋನು ನೀನು. ಎಲ್ಡು ನಿಮಿಷಕ್ಕೇ ಕೈಯಾಗಿನ ರಿಮೋಟ್ ಕಿತ್ಕೊಂಡೆ. ನಿನಗೆ ಸೈಕಲ್ ಕಲಿಸುವಾಗ ನಾನು ಹ್ಯಾಂಡಲ್ ಕಿತ್ಕೊಂಡಿದ್ನೇನು?"

"ಗೊತ್ತಾಗದಿದ್ರೆ ಅರುಣಾನ್ನ ಕರೀಬೇಕು. ಅವ್ವ ಕರಿಯಾಕಿಲ್ವ?"

ರೊಟ್ಟಿ ಬಡಿಸುತ್ತಿದ್ದ ಅರುಣಾಳ ಕೈ ಅಲ್ಲಿಗೇ ನಿಂತಿತು. ಅವಳು ಹೆಚ್ಚು ಮಾತಿನವಳಲ್ಲ. ಆದರೆ ಹಬ್ಬದ ಹೊಲಿಗೆ ತಲೆಯ ಮೇಲೆ ಕೂತಿತ್ತು, ಬೆಳಗಿನಿಂದ ಸೊಂಟ ನೆಟ್ಟಗೆ ಮಾಡಿರಲಿಲ್ಲ.

"ಹೌದು, ಕರೀರಿ. ಅತ್ತೆಗೆ ಧಾರಾವಾಹಿ ಹಚ್ಚಾಕೆ ಏಳ್ತೀನಿ, ಸೌಂಡ್ ಜಾಸ್ತಿ ಆದ್ರೆ ಏಳ್ತೀನಿ, ಕಮ್ಮಿ ಆದ್ರೆ ಏಳ್ತೀನಿ. ತೋಳು ಹೊಲಿಯೋದ್ರಾಗೆ ಎದ್ದು ಬಂದು, ನಿನ್ನೆ ಒಬ್ಬರ ರವಿಕೆಗೆ ಎಡಗೈ ತೋಳು ಬಲಗೈಗೆ ಹಾಕಿ ಬಿಚ್ಚೀನಿ. ನಾಲ್ಕು ರಿಮೋಟ್ ಸಾಲದು ಅಂತ ಈ ಮನ್ಯಾಗೆ ಐದನೇದು ನಾನೇನ್ರಿ?"

ಅಜ್ಜಮ್ಮ, "ಸೊಸೆ ಅಂದ ಮ್ಯಾಲೆ ಕರೆಯೋದು ಇದ್ದಿದ್ದೇ" ಎಂದು ಶುರು ಮಾಡಿದವಳು, ಗಂಡ ನೋಡಿದ ನೋಟಕ್ಕೆ ಚಟ್ನಿಯತ್ತ ಮುಖ ತಿರುಗಿಸಿದಳು. ನಾಗೇಂದ್ರಪ್ಪನಿಗೆ ನಾಚಿಕೆಯಾಗಿತ್ತು. ತಾನು ಕರೆಯದೆ ಇದ್ದದ್ದು ತನ್ನ ಮರ್ಯಾದೆಗೆ ಎಂದುಕೊಂಡಿದ್ದ. ಕರೆಸಿಕೊಳ್ಳುವವಳ ಮರ್ಯಾದೆಯೂ ಒಂದಿದೆ ಎಂಬುದು ಅವನಿಗೆ ಇವತ್ತು ತಿಳಿಯಿತು.

ಮುಂದಿನ ವಾರ ದಾವಣಗೆರೆಗೆ ಹೋದ ಮಾಲತೇಶ ಒಂದು ಹೊಸ ರಿಮೋಟು ತಂದ. ಎಲ್ಲ ರಿಮೋಟುಗಳ ಕೆಲಸವನ್ನೂ ಇದೊಂದೇ ಮಾಡುತ್ತದೆಂದು ಅಂಗಡಿಯವನು ಹೇಳಿದ್ದನಂತೆ. ಅದರೊಳಗಿನ ಚೀಟಿ ನೋಡಿಕೊಂಡು ಮಾಲತೇಶ ಸಂಜೆಯೆಲ್ಲ ನಂಬರು ಒತ್ತಿದ. ಟಿವಿ ಆರಿದರೆ ಸೌಂಡು ಕಿರುಚುತ್ತಿತ್ತು, ಸೌಂಡು ಸುಮ್ಮನಾದರೆ ಬಾಕ್ಸು ಕಣ್ಣು ಮುಚ್ಚುತ್ತಿತ್ತು. ಕೊನೆಗೆ, "ಇದು ನಮ್ಮ ಸೆಟ್ಟಿಗೆ ಆಗಿ ಬರಲ್ಲ" ಎಂದು ಅರುಣಾಳ ಹೊಲಿಗೆ ಮಿಷನ್ನಿನ ಮೇಲೆ ಅದನ್ನು ಎಸೆದಂತೆ ಇಟ್ಟು ಡ್ಯೂಟಿಗೆ ಹೋದ.

ಅರುಣಾ ಮರುದಿನ ಮಧ್ಯಾಹ್ನ ಫೋನಿನ ವಿಡಿಯೋದಲ್ಲಿ ಯಾರೋ ಇಂಥ ರಿಮೋಟಿಗೆ ಕೆಲಸ ಕಲಿಸಿ ತೋರಿಸಿದ್ದನ್ನು ನೋಡಿದಳು. ಆಮೇಲೆ ಕತ್ತರಿ, ದಾರ ಎಲ್ಲ ಪಕ್ಕಕ್ಕೆ ಸರಿಸಿ ಕರೆದಳು.

"ಮಾವ, ಒಂಚೂರು ಬರ್ರಿ ಇಲ್ಲಿ. ಟಿವಿ ನೋಡಾಕೆ ನಿಮಗೆ ಯಾವ್ಯಾವ ಗುಂಡಿ ಬೇಕು ಹೇಳ್ರಿ."

ನಾಗೇಂದ್ರಪ್ಪ ಬಾಗಿಲಲ್ಲೇ ನಿಂತ. ಈ ಪ್ರಶ್ನೆಯನ್ನು ಈವರೆಗೆ ಯಾರೂ ಕೇಳಿರಲಿಲ್ಲ. ಯಾವುದು ಎಲ್ಲಿದೆ ಎಂದು ಹೇಳುವವರೇ ಎಲ್ಲರೂ.

"ನನಗೇನು ಗೊತ್ತವ್ವ ಅದೆಲ್ಲ."

"ಬಸ್ಸಿಗೆ ಏನೇನು ಬೇಕಿತ್ತು?"

ಇದಕ್ಕೆ ಅವನು ಯೋಚಿಸಬೇಕಾಗಿರಲಿಲ್ಲ. "ಸ್ಟಾರ್ಟ್ ಆಗ್ಬೇಕು. ಜೋರು ಆಗ್ಬೇಕು, ನಿಧಾನ ಆಗ್ಬೇಕು. ಗೇರು ಮ್ಯಾಲೆ ಹೋಗ್ಬೇಕು, ಕೆಳಗೆ ಬರ್ಬೇಕು. ಮಿಕ್ಕಿದ್ದೆಲ್ಲ ಡಿಪೋದವರ ಕೆಲಸ."

"ಅಷ್ಟೇ ಕಲಿಸಾಣ ಬಿಡ್ರಿ ಇದಕ್ಕೆ."

ಹಳೆಯ ರಿಮೋಟನ್ನೂ ಹೊಸ ರಿಮೋಟನ್ನೂ ತಲೆಗೆ ತಲೆ ತಾಗಿಸಿ ಮೇಜಿನ ಮೇಲೆ ಮಲಗಿಸಿದಳು. ಹಳೆಯದರಲ್ಲಿ ಒಂದು ಗುಂಡಿ ಒತ್ತಿದರೆ ಹೊಸದು ಕಣ್ಣು ಮಿಟುಕಿಸಿ ಕಲಿತುಕೊಳ್ಳುತ್ತಿತ್ತು. ತೊಟ್ಟಿಲಲ್ಲಿ ಹಾಕಿದ ಕೂಸಿನ ಕಿವಿಯಲ್ಲಿ ಸೋದರತ್ತೆ ಹೆಸರು ಹೇಳಿದ ಹಾಗೆ ಕಂಡಿತು ನಾಗೇಂದ್ರಪ್ಪನಿಗೆ. ಅವನು ಹಳೆಯದನ್ನು ಹಿಡಿದುಕೊಂಡ, ಅವಳು ಹೊಸದನ್ನು. "ಈಗ ಒತ್ರಿ ಮಾವ" ಎಂದರೆ ಒತ್ತಿದ. "ಬಿಡ್ರಿ" ಎಂದರೆ ಬಿಟ್ಟ. ಕೆಂಪು ಗುಂಡಿಯೊಂದನ್ನೇ ಒತ್ತಿ ಹಿಡಿದರೆ ಟಿವಿ, ಬಾಕ್ಸು, ಸೌಂಡು ಮೂರೂ ಒಂದರ ಹಿಂದೊಂದು ಹತ್ತಿಕೊಳ್ಳುವಂತೆ ಮಾಡಲು ಸಂಜೆಯಾಯಿತು. ಒಲೆಯ ಮೇಲೆ ಹಾಲು ಉಕ್ಕಿತು. ಅಜ್ಜಮ್ಮ ಬೈದುಕೊಂಡೇ ಒಲೆ ಒರೆಸಿದಳು. ಅವತ್ತು ಮಾತ್ರ ಸೊಸೆಯನ್ನು ಕರೆಯಲಿಲ್ಲ.

"ಗುಂಡಿ ಇನ್ನೂ ಭಾಳ ಅದಾವಲ್ಲವ್ವ" ಎಂದ ನಾಗೇಂದ್ರಪ್ಪ, ಹೊಸದನ್ನು ತಿರುಗಿಸಿ ನೋಡುತ್ತ. "ಬೆರಳು ತಪ್ಪಿ ಇನ್ನೊಂದಕ್ಕೆ ಬಿದ್ರೆ?"

"ಬ್ಯಾಡಾದ್ದನ್ನ ಮುಚ್ಚಿಬಿಡಾಣ. ಒಂದು ಅಂಗಿ ಹೊಲೀತೀನಿ ಇದಕ್ಕೆ. ಬೇಕಾದ ಗುಂಡಿಗಷ್ಟೇ ಕಾಜ ಬಿಡ್ತೀನಿ. ಬಟ್ಟೆ ಮಾತ್ರ ದಪ್ಪ ಇರ್ಬೇಕು."

ನಾಗೇಂದ್ರಪ್ಪ ಸ್ವಲ್ಪ ಹೊತ್ತು ಅವಳ ಕತ್ತರಿಯನ್ನೇ ನೋಡಿದ. ಆಮೇಲೆ ಒಳಗೆ ಹೋಗಿ ಟ್ರಂಕಿನ ಬೀಗ ತೆಗೆದ. ಅಜ್ಜಮ್ಮ ಬಾಗಿಲಿಗೆ ಬಂದು, "ಅದನ್ನ ಯಾಕ್ರಿ ತೆಗೀತೀರಿ? ನಾನು ಒರೆಸಾಕೆ ಒಂದು ತುಂಡು ಕೇಳಿದ್ರೆ ಮನೆ ಹೊತ್ತಿ ಉರಿದಂಗೆ ಕೂಗಾಡಿದ್ರಿ" ಎಂದಳು.

"ಒರೆಸಾಕೆ ಕೊಟ್ಟಿರಲಿಲ್ಲ. ಈಗ ತೊಡಾಕೆ ಕೊಡ್ತಾ ಇದೀನಿ."

ಕೊನೆಯ ಡ್ಯೂಟಿಯ ದಿನ ತೊಟ್ಟ ಖಾಕಿ ಅಂಗಿ ಅದು. ಒಗೆದು, ಇಸ್ತ್ರಿ ಮಾಡಿ, ನುಸಿಗುಳಿಗೆ ಹಾಕಿ ಇಟ್ಟದ್ದು. ಅದನ್ನು ಸೊಸೆಯ ಮೇಜಿನ ಮೇಲಿಟ್ಟು, "ಬೆನ್ನಿನ ಬಟ್ಟೆ ತಗೋ. ಜೇಬಿನ ಕಡೆ ಕತ್ತರಿ ಹಾಕಬ್ಯಾಡ, ಅಲ್ಲಿ ಪದಕ ಚುಚ್ಚಿದ ತೂತು ಐತೆ" ಎಂದ. ಅರುಣಾ ಟೇಪಿನಿಂದ ರಿಮೋಟಿನ ಅಳತೆ ತೆಗೆದುಕೊಂಡಳು. ಉದ್ದ, ಅಗಲ, ಸುತ್ತಳತೆ ಎಲ್ಲವನ್ನೂ, ಗಿರಾಕಿಯೊಬ್ಬರೇ ಎದುರು ನಿಂತಷ್ಟು ಜೋಪಾನವಾಗಿ.

ಬೆಳಗಾಗುವಷ್ಟರಲ್ಲಿ ರಿಮೋಟು ಖಾಕಿ ತೊಟ್ಟಿತ್ತು. ಕಾಜಗಳ ಅಂಚಿಗೆ ಒತ್ತು ಹೊಲಿಗೆ, ಕೆಂಪು ಗುಂಡಿಯ ಸುತ್ತ ಕೆಂಪು ದಾರ, ಬೆನ್ನಿಗೆ ಬಿಚ್ಚಿ ಸೆಲ್ ಬದಲಿಸಲು ಟಿಚ್ ಬಟನ್. ನಾಗೇಂದ್ರಪ್ಪ ಅದನ್ನು ಅಂಗೈಯಲ್ಲಿಟ್ಟುಕೊಂಡು ಬಹಳ ಹೊತ್ತು ನೋಡಿದ. ಅವನಿಗೆ ಸೊಸೆಯ ಮೇಲೆ ಹೆಮ್ಮೆ ಎನಿಸಿತು. "ಸಿಪಾಯಿ ಇದ್ದಂಗೈತೆ ಕಣವ್ವ" ಎಂದಷ್ಟೇ ಹೇಳಲು ಬಂತು.

ಮೊದಮೊದಲು ಕೆಂಪು ಗುಂಡಿ ಕೂಡ ಕೈಕೊಡುತ್ತಿತ್ತು. ಮಾಲತೇಶ ಒತ್ತಿದರೆ ಟಿವಿ ಹತ್ತುತ್ತಿತ್ತು, ಸೌಂಡು ಹತ್ತುತ್ತಿರಲಿಲ್ಲ. ಅವನು ಒತ್ತಿ, ತಕ್ಷಣ ಕೈ ಕೆಳಗಿಳಿಸಿಬಿಡುತ್ತಿದ್ದ. ನಾಗೇಂದ್ರಪ್ಪ ಎರಡು ದಿನ ನೋಡಿ ಹೇಳಿದ:

"ಏರ್ ಹಿಡಿಯೋವರೆಗೂ ಕಾಯ್ಬೇಕಪ್ಪ. ಸ್ಟಾರ್ಟ್ ಮಾಡಿದ ತಕ್ಷಣ ಯಾರು ಗಾಡಿ ಬಿಡ್ತಾರೆ? ಬ್ರೇಕಿಗೆ ಏರ್ ಬಂತೇನು ಅಂತ ಮುಳ್ಳು ನೋಡ್ಕೊಂಡು ಹೊರಡ್ಬೇಕು."

ಅವನು ಗುಂಡಿ ಒತ್ತಿ, ತೋಳು ನೀಟಾಗಿ ಚಾಚಿ, ಮೂರೂ ದೀಪ ಹತ್ತುವ ತನಕ ಅಲುಗದೆ ಹಿಡಿದ. ಮೂರೂ ಹತ್ತಿದವು. ಅವತ್ತಿನಿಂದ ಮನೆಯಲ್ಲಿ ಅದಕ್ಕೆ ಏರ್ ಹಿಡಿಸುವುದು ಎಂದೇ ಹೆಸರಾಯಿತು. "ಅವ್ವ, ಏರ್ ಹಿಡಿಸಿದ್ಯಾ?" ಎಂದು ಮಾಲತೇಶ ತಾಯಿಯನ್ನು ಛೇಡಿಸುತ್ತಿದ್ದ. ಅಜ್ಜಮ್ಮ ಕಲಿತದ್ದು ಹೇಗೆಂದರೆ, ಗಂಡ ತೋಟದ ಕಡೆ ಹೋದಾಗ ಬಾಗಿಲು ಮುಂದೆ ಮಾಡಿಕೊಂಡು, ಒಬ್ಬಳೇ. ಧಾರಾವಾಹಿಯ ಹೊತ್ತಿಗೆ ಮುಂದಿನ ಕೋಣೆಯಲ್ಲಿ ಮಿಷನ್ನಿನ ಸದ್ದು ನಡುವೆ ನಿಲ್ಲದೆ ಕೇಳತೊಡಗಿತು. ಅರುಣಾ ಹಬ್ಬದ ರವಿಕೆಗಳನ್ನೆಲ್ಲ ಹಬ್ಬಕ್ಕೆ ಮುಂಚೆಯೇ ಕೊಟ್ಟು ಮುಗಿಸಿದಳು.

ಆಯುಧಪೂಜೆಗೆ ಮನೆ ತೊಳೆದರು. ಏಣಿ ಹತ್ತಿ ಧೂಳು ಹೊಡೆಯುತ್ತಿದ್ದ ಮಾಲತೇಶ, ಅಡುಗೆಮನೆ ಬಾಗಿಲ ಪಕ್ಕದ ಫೋಟೋ ಇಳಿಸಿ, ಹೊಗೆಯ ಜಿಡ್ಡನ್ನು ಉಜ್ಜಿ ಒರೆಸಿದ. ಆಮೇಲೆ ಟಿವಿಯ ಮೇಲಿನ ಗೋಡೆಗೆ ಮೊಳೆ ಹೊಡೆದು ಅಲ್ಲಿ ತೂಗುಹಾಕಿದ. ಕೆಳಗೆ ನಿಂತ ತಂದೆ, "ಎಡಕ್ಕೆ ಒಂಚೂರು ವಾಲೈತೆ" ಎಂದ. ಮಗ ಸರಿಪಡಿಸಿದ. "ಸಾಕಾ ಅಪ್ಪಾ?" ಎಂದ. "ಸಾಕು" ಎಂದ ನಾಗೇಂದ್ರಪ್ಪ. ಆ ಊಟದ ದಿನದ ಜಗಳ ಅಷ್ಟರಲ್ಲೇ ಮುಗಿಯಿತು.

ಮಧ್ಯಾಹ್ನ ಅಜ್ಜಮ್ಮ ಪೂಜೆಗೆ ಕೂತಳು. ಕುಡುಗೋಲು, ಮಾಲತೇಶನ ಕಟಿಂಗ್ ಪ್ಲೇರು, ಅರುಣಾಳ ಕತ್ತರಿ ಮತ್ತು ಮಿಷನ್ನು, ಅಂಗಳದಲ್ಲಿದ್ದ ಬೈಕು. ಖಾಕಿ ತೊಟ್ಟ ರಿಮೋಟನ್ನೂ ಸಾಲಿನಲ್ಲಿಟ್ಟು, ಎಲ್ಲಕ್ಕೂ ಮಾಡಿದ ಹಾಗೆ ಅದರ ಹಣೆಗೂ ವಿಭೂತಿ ನೆನೆಸಿ ಮೂರು ಬೆರಳು ಎಳೆದಳು, ನಡುವೆ ಕುಂಕುಮವಿಟ್ಟಳು. ಅವತ್ತು ಯಾವ ಆಯುಧವನ್ನೂ ಮುಟ್ಟುವಂತಿಲ್ಲ. ಟಿವಿ ಕೂಡ ಸುಮ್ಮನಿತ್ತು.

ಮರುದಿನ ಸಂಜೆ, ಬನ್ನಿ ಕೊಡಲು ಧರ್ಮಪ್ಪ ಬಂದ. "ಬನ್ನಿ ತಗೊಂಡು ಬಂಗಾರದಂಗಿರಾಣ" ಎಂದು ಎಲೆ ಕೊಟ್ಟು ಒಬ್ಬರನ್ನೊಬ್ಬರು ತಬ್ಬಿಕೊಂಡರು. ಪಕ್ಕದ ಮನೆಯ ಷಣ್ಮುಖಪ್ಪನೂ ಬನ್ನಿ ಹಿಡಿದು ಬಂದವನು ಅಲ್ಲೇ ಕೂತ. ಅರುಣಾ ಹೋಳಿಗೆ, ಮೇಲೆ ತುಪ್ಪ ಹಾಕಿ ತಂದಿಟ್ಟಳು. ನಾಗೇಂದ್ರಪ್ಪ ಈ ಸಂಜೆಗಾಗಿಯೇ ಕಾದಿದ್ದ. ಟವೆಲ್ ಕೊಡವಿ ಹೆಗಲಿಗೆ ಹಾಕಿಕೊಂಡು, ನಡುಮನೆಯ ಕುರ್ಚಿಯಲ್ಲಿ ಬೆನ್ನು ನೆಟ್ಟಗೆ ಮಾಡಿ ಕೂತು, ಖಾಕಿ ರಿಮೋಟನ್ನು ಕೈಗೆ ತೆಗೆದುಕೊಂಡ.

"ಕಬಡ್ಡಿ ನೋಡಾಣ" ಎಂದು ಕೆಂಪು ಗುಂಡಿ ಒತ್ತಿ ಹಿಡಿದ.

ಏನೂ ಆಗಲಿಲ್ಲ. ಬಿಟ್ಟು ಮತ್ತೆ ಒತ್ತಿದ. ತೋಳು ಚಾಚಿ, ಉಸಿರು ಹಿಡಿದು ಕಾದ. ನೀಲಿ ಕೂಡ ಬರಲಿಲ್ಲ.

ಅಡುಗೆಮನೆ ಬಾಗಿಲಲ್ಲಿ ನಿಂತ ಅರುಣಾಳ ಮುಖ ಬಾಡಿತು. ತಾನು ಕಲಿಸಿದ್ದೆಲ್ಲ ಮರೆತುಹೋಯಿತೇನೋ ಅದಕ್ಕೆ, ತನ್ನ ಹೊಲಿಗೆಯಲ್ಲೇ ಎಲ್ಲಾದರೂ ತಪ್ಪಾಯಿತೇನೋ ಎಂಬ ಅಳುಕು. ಮಾಲತೇಶ ಎದ್ದು ಕೈ ಚಾಚಿದ. "ಕೊಡಪ್ಪ ಇಲ್ಲಿ, ಸೆಲ್ ಹೋಗಿರ್ಬೇಕು. ಹಳೇ ರಿಮೋಟೇ ತರ್ತೀನಿ ತಡಿ."

ಆಗ ಧರ್ಮಪ್ಪ ಹೋಳಿಗೆ ಮುರಿಯುವುದನ್ನು ಬಿಟ್ಟು, ತಿರುಗುತ್ತಿದ್ದ ಫ್ಯಾನನ್ನು ಒಂದು ಗಳಿಗೆ ನೋಡಿ, ಮೆಲ್ಲಗೆ ಹೇಳಿದ: "ಕರೆಂಟ್ ಹೋದಂಗೈತೆ ಬಿಡಪ್ಪ. ಇನ್ನೊಂದಿನ ನೋಡಿದ್ರಾತು."

ನಾಗೇಂದ್ರಪ್ಪನ ಎದೆ ತುಂಬಿಬಂತು. ಅವತ್ತೇ ಧರ್ಮಪ್ಪನಿಗೆ ಎಲ್ಲವೂ ಗೊತ್ತಾಗಿತ್ತು. ಗೊತ್ತಾಗಿಯೇ, ಗೆಳೆಯನನ್ನು ನಗೆಪಾಟಲು ಮಾಡದೆ, ಬಸ್‌ಸ್ಟ್ಯಾಂಡಿನಲ್ಲಿ ಮಗನ ಕಿವಿಗೆ ಹಾಕಿ ಹೋಗಿದ್ದ. ಗಾಡಿಯ ಹಿಂದೆ ಏನಾಗಿದೆ ಎಂದು ಮುಂದಿನವರಿಗೆ ಮುಟ್ಟಿಸುವುದು ಕಂಡಕ್ಟರನ ಕೆಲಸವಲ್ಲವೆ.

"ಇಲ್ಲ ಕಣೋ ಧರ್ಮಪ್ಪ" ಎಂದ ಅವನು. "ಕರೆಂಟ್ ಐತೆ. ಅವತ್ತೂ ಇತ್ತು. ನನಗೆ ಹಚ್ಚಾಕೆ ಬರ್ತಿರಲಿಲ್ಲ. ಇವತ್ತು ಬರ್ತೈತೆ."

ಷಣ್ಮುಖಪ್ಪ ಏನೂ ಅರ್ಥವಾಗದೆ ಇಬ್ಬರ ಮುಖವನ್ನೂ ನೋಡಿದ. ನಾಗೇಂದ್ರಪ್ಪ ಮಗನ ಚಾಚಿದ ಕೈಗೆ ರಿಮೋಟು ಕೊಡಲಿಲ್ಲ. ಸರ್ವಿಸಿನಲ್ಲಿದ್ದಾಗ ಆಯುಧಪೂಜೆಯ ಮರುದಿನ ಬೆಳಿಗ್ಗೆ ತಾನು ಮಾಡುತ್ತಿದ್ದ ಮೊದಲ ಕೆಲಸ ಅವನಿಗೆ ನೆನಪಾಯಿತು. ಡಿಪೋದ ಹುಡುಗರು ಭಕ್ತಿಯಿಂದ ಬಸ್ಸಿನ ಮುಖಕ್ಕೆಲ್ಲ ಬಳಿದ ವಿಭೂತಿ, ಕುಂಕುಮವನ್ನು, ಸ್ಟಾರ್ಟ್ ಮಾಡುವ ಮುಂಚೆ, ದೀಪದ ಗಾಜಿನಿಂದ ಒರೆಸುತ್ತಿದ್ದ. ರಿಮೋಟನ್ನು ತನ್ನ ಮುಖಕ್ಕೆದುರಾಗಿ ತಿರುಗಿಸಿದ. ಅಂಗಿಯ ಕೊರಳಿನಿಂದ ಇಣುಕುವ, ಟಿವಿಗೆ ಸನ್ನೆ ಕಳಿಸುವ ಕರಿಯ ಗಾಜಿನ ಮೇಲೆ ಮೂರು ಬಿಳಿ ಪಟ್ಟೆ ಗಟ್ಟಿಯಾಗಿ ಒಣಗಿ ಕೂತಿದ್ದವು.

"ಅಜ್ಜಮ್ಮ" ಎಂದು ಕರೆದ. "ಪೂಜೆ ಚೆನ್ನಾಗೇ ಮಾಡೀಯ. ಹೆಡ್‌ಲೈಟ್ ಮ್ಯಾಲೆ ಮಾಡೀಯ ಅಷ್ಟೆ."

"ಹಣೆ ಅದೇ ಅಲ್ಲೇನ್ರಿ?" ಎಂದಳು ಅಜ್ಜಮ್ಮ, ಸೆರಗು ಬಾಯಿಗಿಟ್ಟುಕೊಂಡು.

"ಹಣೆಯೂ ಅದೇ, ಕಣ್ಣೂ ಅದೇ ಇದಕ್ಕೆ." ಅವನು ಟವೆಲಿನ ತುದಿಗೆ ನೀರು ಮುಟ್ಟಿಸಿ ಗಾಜನ್ನು ಒರೆಸಿದ. ಟವೆಲಿಗೆ ಹತ್ತಿದ ವಿಭೂತಿಯನ್ನು ಬೆರಳಿನಿಂದ ತೆಗೆದು ಖಾಕಿ ಅಂಗಿಯ ಬೆನ್ನಿಗೆ ಒಂದು ಗೆರೆ ಎಳೆದ. ಹೆಂಡತಿಯ ಪೂಜೆ ನೆಲಕ್ಕೆ ಬೀಳಬಾರದು. ಆಮೇಲೆ ಬೆನ್ನು ನೆಟ್ಟಗೆ ಮಾಡಿ ಟಿವಿಗೆ ಗುರಿ ಹಿಡಿದು, ಹಿಂದೆ ತಿರುಗದೆ ಕೇಳಿದ.

"ಧರ್ಮಪ್ಪ, ಹೇಳಪ್ಪ."

ಧರ್ಮಪ್ಪ ಹೋಳಿಗೆಯ ತಟ್ಟೆ ಕೆಳಗಿಟ್ಟು, ಹಳೆಯ ದನಿಯಲ್ಲಿ ಅಂದ: "ರೈಟ್, ರೈಟ್."

ನಾಗೇಂದ್ರಪ್ಪ ಕೆಂಪು ಗುಂಡಿ ಅಮುಕಿ ಹಿಡಿದ. ಟಿವಿಯ ದೀಪ ಹತ್ತಿತು. ಬಾಕ್ಸಿನದು ಹತ್ತಿತು. ನಾಗೇಂದ್ರಪ್ಪ ಅಲುಗಲಿಲ್ಲ. ಸೌಂಡಿನದೂ ಹತ್ತಿತು. ಗೋಡೆಯ ತುಂಬ ಕಬಡ್ಡಿ ಅಂಕಣ, ಮೂಲೆ ಮೂಲೆಯಿಂದ ಜನರ ಕೇಕೆ. ಮೇಲೆ ಫೋಟೋದಲ್ಲಿ ಪದಕ ತೊಟ್ಟ ಡ್ರೈವರ್, ಕೆಳಗೆ ಕುರ್ಚಿಯಲ್ಲಿ ಅವನೇ. ಅರುಣಾ ಕಣ್ಣಂಚು ಒರೆಸಿಕೊಂಡು ನಕ್ಕಳು. ನಾಗೇಂದ್ರಪ್ಪ ಅವಳ ಕಡೆ ತಿರುಗಿ, ಎಲ್ಲರಿಗೂ ಕೇಳುವ ಹಾಗೆ, "ಇದಕ್ಕೆ ಕಲಿಸಿದೋಳು ನಮ್ಮ ಸೊಸೆ ಕಣೋ. ಅಂಗಿ ಹೊಲಿದೋಳೂ ಅವಳೇ" ಎಂದ.

ಮಾಲತೇಶನಿಗೆ ಸುಮ್ಮನೆ ಕೂರಲಾಗಲಿಲ್ಲ. "ಅಪ್ಪಾ, ಸೌಂಡ್ ಜಾಸ್ತಿ ಆತು, ಎಡಗಡೆ ಗುಂಡಿ ಒತ್ತು, ಅದಲ್ಲ, ಅದರ ಕೆಳಗಿಂದು" ಎಂದು ಶುರು ಮಾಡಿದ.

ಧರ್ಮಪ್ಪ ಹೋಳಿಗೆಯ ತಟ್ಟೆಯನ್ನು ಮತ್ತೆ ಕೈಗೆತ್ತಿಕೊಂಡು, ಟಿವಿಯಿಂದ ಕಣ್ಣು ತೆಗೆಯದೆ ಹೇಳಿದ: "ಗಾಡಿ ಓಡೋವಾಗ ಡ್ರೈವರ್ ಕೂಡೆ ಮಾತಾಡಬ್ಯಾಡ್ರಿ."